ಅತಿಥಿಯ ಕೈತಪ್ಪಿದಾಗ ನಷ್ಟ ಯಾರದು?

ಈದ್ ಕಳೆದು ಕೆಲವು ವಾರಗಳಾಗಿದ್ದವು. ಪರಿಚಿತ ಸಹೋದರಿಯೊಬ್ಬರು ಸಂಜೆ ಮನೆಗೆ ಬಂದರು. ಚಹಾ ಕುಡಿದರು, ಮಕ್ಕಳ ಓದಿನ ಬಗ್ಗೆ ಮಾತಾಡಿದರು, ಎದ್ದು ಹೊರಟರು. ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸುತ್ತಾ, "ಒಂದು ವಿಷಯ ಕೇಳಲಿಕ್ಕಿತ್ತು" ಎಂದರು. ನಮ್ಮ ಹೆಂಗಸರ ಮುಖ್ಯವಾದ ಮಾತು ಯಾವಾಗಲೂ ಚಪ್ಪಲಿ ಹಾಕುವಾಗಲೇ ಬರುವುದಲ್ಲವೇ! ಮತ್ತೆ ಒಳಗೆ ಕರೆದು ಕೂರಿಸಿದೆ.

ಈದ್‌ನ ಮರುದಿನ ಅವರು ಹಳೆಯ ಗೆಳತಿಯ ಮನೆಗೆ ಹೋಗಿದ್ದರಂತೆ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು, ಮದುವೆಯಾದ ಮೇಲೂ ಹೋಗಿ ಬಂದು ಇದ್ದವರು. ಗೆಳತಿ ಶರಬತ್ತು ತಂದುಕೊಟ್ಟರು. ಮಾತಿನ ಭರದಲ್ಲಿ ಇವರ ಕೈಯಿಂದ ಲೋಟ ಜಾರಿತು. ಲೋಟ ಒಡೆದದ್ದು ದೊಡ್ಡ ವಿಷಯವಲ್ಲ. ಟೀಪಾಯಿಯ ಮೇಲೆ ಗೆಳತಿಯ ಮಗಳ ಲ್ಯಾಪ್‌ಟಾಪ್ ತೆರೆದೇ ಇತ್ತು. ಶರಬತ್ತೆಲ್ಲ ಅದರ ಮೇಲೆ ಬಿತ್ತು.

ಇವರು ಗಾಬರಿಯಿಂದ ದುಪ್ಪಟ್ಟಾದಲ್ಲೇ ಒರೆಸಿದರು. ಗೆಳತಿ, "ಪರವಾಗಿಲ್ಲ ಮಾರಾಯ್ತಿ, ಬಿಡು. ನೀನು ಬೇಕೆಂದು ಮಾಡಿದ್ದಾ?" ಎಂದರು. ಇವರಿಗೆ ಸಮಾಧಾನವಾಯಿತು. ಮನೆಗೆ ಬಂದು ಮರೆತೂಬಿಟ್ಟರು.

ಆಮೇಲೆ ಗೆಳತಿಯ ಫೋನು ಬರುವುದು ನಿಂತಿತು. ಇವರು ಮಾಡಿದರೆ ಎತ್ತುವುದಿಲ್ಲ. ಕೊನೆಗೆ ಒಂದು ಮದುವೆ ಮನೆಯಲ್ಲಿ ಮೂರನೆಯವರ ಬಾಯಿಯಿಂದ ಕೇಳಿಬಂತು: ರಿಪೇರಿಗೆ 14,000 ರೂಪಾಯಿ ಹೇಳಿದ್ದಾರಂತೆ, ಹುಡುಗಿಯ ಪರೀಕ್ಷೆ ಹತ್ತಿರ ಬಂದಿದೆಯಂತೆ, "ಒರೆಸಿ ಹೋದವಳು ಮತ್ತೆ ತಿರುಗಿ ಕೇಳಲಿಲ್ಲ" ಎಂದು ಅವರು ನಾಲ್ಕು ಜನರ ಮುಂದೆ ಹೇಳಿಕೊಂಡರಂತೆ.

"ಟೀಚರ್, ಅವಳೇ ಪರವಾಗಿಲ್ಲ ಎಂದಳಲ್ಲ. ನಾನಿನ್ನೂ ಕೊಡಬೇಕಾ?" ಇದು ಅವರ ಪ್ರಶ್ನೆ.

ಅವರ ಒಪ್ಪಿಗೆ ಪಡೆದು, ಒಂದೆರಡು ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ಅವರೊಬ್ಬರದಲ್ಲ. ನಿಮ್ಮ ಮನೆಯಲ್ಲೂ ಅತಿಥಿಯ ಕೈಯಿಂದ ಏನಾದರೂ ಒಡೆದಿರಬಹುದು, ನೀವೂ ಇನ್ನೊಬ್ಬರ ಮನೆಯಲ್ಲಿ ಏನಾದರೂ ಒಡೆದಿರಬಹುದು. ಎರಡನ್ನೂ ನೆನಪಿಸಿಕೊಂಡು ಮುಂದೆ ಓದಿ.

ಮೊದಲು, ನಮ್ಮಲ್ಲಿ ಬಹಳ ಜನರಿಗಿರುವ ಒಂದು ತಪ್ಪು ತಿಳುವಳಿಕೆಯ ಬಗ್ಗೆ ಹೇಳಬೇಕು. "ಬೇಕೆಂದು ಮಾಡಿದ್ದಲ್ಲವಲ್ಲ, ಅಲ್ಲಾಹನ ವಿಧಿ" ಎಂದರೆ ಎಲ್ಲವೂ ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಬೇಕೆಂದು ಮಾಡದಿದ್ದರೆ ಪಾಪವಿಲ್ಲ, ನಿಜ. ಆದರೆ ಪಾಪ ಬೇರೆ, ಇನ್ನೊಬ್ಬರ ಹಕ್ಕು ಬೇರೆ. ಪಾಪ ನಮಗೂ ಅಲ್ಲಾಹನಿಗೂ ನಡುವಿನ ವಿಷಯ. ಹಕ್ಕು ದಾಸರ ನಡುವಿನ ವಿಷಯ. ಕುರ್‌ಆನಿನ ಅನ್ನಿಸಾ ಅಧ್ಯಾಯದ 92ನೇ ಸೂಕ್ತ ತೆಗೆದು ನೋಡಿ. ಕೈತಪ್ಪಿ ಒಬ್ಬನ ಪ್ರಾಣವೇ ಹೋದರೂ, ಅದು ಉದ್ದೇಶಪೂರ್ವಕ ಅಲ್ಲದಿದ್ದರೂ, ಸತ್ತವನ ಮನೆಯವರಿಗೆ ಪರಿಹಾರ ಧನ ಕೊಡಬೇಕೆಂದು ಅಲ್ಲಿ ಆಜ್ಞಾಪಿಸಲಾಗಿದೆ. ಜೊತೆಗೇ ಆ ಮನೆಯವರು ತಾವಾಗಿ ಬಿಟ್ಟುಕೊಡುವ ಅವಕಾಶವನ್ನೂ ಇಡಲಾಗಿದೆ. ಹಾಗೆ ಬಿಟ್ಟುಕೊಡುವುದಕ್ಕೆ ಅಲ್ಲಿ ಬಳಸಿದ ಪದದ ಮೂಲ ಸದಕಾ, ಅಂದರೆ ದಾನ. ದಾನವನ್ನು ಕೊಡುವವರು ಕೊಡಬೇಕು. ತೆಗೆದುಕೊಳ್ಳುವವರು "ಇದು ದಾನ" ಎಂದು ತಾವೇ ಘೋಷಿಸಿಕೊಂಡು ಎತ್ತಿಕೊಂಡು ಹೋಗುವಂತಿಲ್ಲ.

ಪ್ರವಾದಿ(ಸ)ರ ಮನೆಯೊಳಗೇ ನಡೆದ ಒಂದು ಘಟನೆಯನ್ನು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಬುಖಾರಿಯಲ್ಲಿದೆ. ಪ್ರವಾದಿ(ಸ) ಒಬ್ಬ ಪತ್ನಿಯ ಮನೆಯಲ್ಲಿದ್ದಾಗ ಇನ್ನೊಬ್ಬ ಪತ್ನಿ ಸೇವಕರ ಕೈಯಲ್ಲಿ ಒಂದು ಬಟ್ಟಲು ಆಹಾರ ಕಳುಹಿಸಿಕೊಟ್ಟರು. ಮನೆಯಲ್ಲಿದ್ದ ಪತ್ನಿಗೆ ಸಹಿಸಲಾಗಲಿಲ್ಲ. ಕೈಗೆ ಹೊಡೆದರು, ಬಟ್ಟಲು ಬಿದ್ದು ಒಡೆಯಿತು. ಬುಖಾರಿಯ ಈ ವರದಿಯಲ್ಲಿ ಹೆಸರಿಲ್ಲ, ಬೇರೆ ವರದಿಗಳಲ್ಲಿ ಹಝ್ರತ್ ಆಯಿಶಾ(ರ)ರ ಹೆಸರಿದೆ. ಪ್ರವಾದಿವರ್ಯರು(ಸ) ಏನು ಮಾಡಿದರು? ಗದರಿಸಲಿಲ್ಲ. ತಾವೇ ಬಗ್ಗಿ ಚೂರುಗಳನ್ನು ಜೋಡಿಸಿದರು, ಚೆಲ್ಲಿದ ಆಹಾರವನ್ನು ಅದರಲ್ಲಿ ಒಟ್ಟುಗೂಡಿಸಿದರು. ನಿಮ್ಮ ತಾಯಿಗೆ ಮತ್ಸರವಾಯಿತು ಎಂದು ಅಲ್ಲಿದ್ದವರಿಗೆ ನವಿರಾಗಿ ಹೇಳಿದರು. ಆದರೆ ಆಹಾರ ತಂದವರನ್ನು ಹಾಗೆಯೇ ಕಳುಹಿಸಲಿಲ್ಲ. ಅವರನ್ನು ತಡೆದು ನಿಲ್ಲಿಸಿ, ಆ ಮನೆಯ ಸರಿಯಾದ ಬಟ್ಟಲನ್ನು ತರಿಸಿ ಕೊಟ್ಟರು. ಒಡೆದ ಬಟ್ಟಲನ್ನು ಒಡೆದವರ ಮನೆಯಲ್ಲೇ ಇಟ್ಟುಕೊಂಡರು.

ಈ ಹದೀಸನ್ನು ನಾವು ಸವತಿ ಮತ್ಸರದ ಉದಾಹರಣೆಯಾಗಿ ಮಾತ್ರ ಪ್ರವಚನಗಳಲ್ಲಿ ಕೇಳುತ್ತೇವೆ. ಇಮಾಮ್ ಬುಖಾರಿ ಇದನ್ನು ಇಟ್ಟದ್ದು ಅನ್ಯಾಯಗಳ ಕುರಿತ ಭಾಗದಲ್ಲಿ, ಇನ್ನೊಬ್ಬರ ಬಟ್ಟಲನ್ನೋ ವಸ್ತುವನ್ನೋ ಒಡೆದರೆ ಎಂಬ ತಲೆಬರಹದ ಕೆಳಗೆ. ಮತ್ಸರ ಕ್ಷಮಿಸಲ್ಪಟ್ಟಿತು, ಬಟ್ಟಲು ಮಾತ್ರ ಮರಳಿ ಹೋಯಿತು. ಎರಡೂ ಒಂದೇ ಗಳಿಗೆಯಲ್ಲಿ, ಒಂದೇ ಮನೆಯಲ್ಲಿ. ಕ್ಷಮಿಸಿದ್ದೇವೆಂದು ನಷ್ಟವನ್ನು ಮರೆಯಲಿಲ್ಲ, ನಷ್ಟ ತುಂಬಿಸಬೇಕೆಂದು ಪತ್ನಿಯ ಮಾನ ಕಳೆಯಲೂ ಇಲ್ಲ.

ಬುಖಾರಿಯಲ್ಲಿ ಇದರ ಮುಂದಿನದೇ ಜುರೈಜ್ ಎಂಬ ಸಾಧಕನ ಕಥೆ. ಸುಳ್ಳು ಆರೋಪ ನಂಬಿ ಜನರು ಆತನ ಆಶ್ರಮವನ್ನು ಕೆಡವಿದರು. ಸತ್ಯ ತಿಳಿದ ಮೇಲೆ ನಾಚಿ, ಚಿನ್ನದಲ್ಲೇ ಕಟ್ಟಿಸಿಕೊಡುತ್ತೇವೆ ಎಂದರು. ಬೇಡ, ಮಣ್ಣಿನಲ್ಲೇ ಕಟ್ಟಿಕೊಡಿ ಎಂದನಂತೆ ಜುರೈಜ್. ಇದ್ದದ್ದು ಇದ್ದ ಹಾಗೆ. ಅದಕ್ಕಿಂತ ಹೆಚ್ಚು ಕೇಳಬಾರದು ಎಂಬುದು ಆತಿಥೇಯರಿಗೆ ಇದರಲ್ಲಿ ಪಾಠ. ಐದು ವರ್ಷ ಬಳಸಿದ ಮಿಕ್ಸಿಯ ಜಾರು ಒಡೆದರೆ ಹೊಸ ಮಿಕ್ಸಿಯ ಬೆಲೆ ಹೇಳುವವರಿದ್ದಾರೆ! ಅಂಥದೇ ವಸ್ತು ಸಿಕ್ಕಿದರೆ ಅಂಥದೇ ವಸ್ತು, ಸಿಗದಿದ್ದರೆ ಒಡೆದ ದಿನ ಆ ಹಳೆಯ ವಸ್ತುವಿಗಿದ್ದ ಬೆಲೆ, ರಿಪೇರಿಯಾಗುವುದಾದರೆ ರಿಪೇರಿಯ ಖರ್ಚು. ಗಲ್ಫ್‌ನಿಂದ ಗಂಡ ತಂದ ಡಿನ್ನರ್ ಸೆಟ್ಟಿನ ಒಂದು ಬಸಿ ಒಡೆದಾಗ ಆಗುವ ಬೇಸರಕ್ಕೆ ಬೆಲೆ ಕಟ್ಟಲಾಗದು. ಬಸಿಗೆ ಮಾತ್ರ ಕಟ್ಟಬಹುದು.

ಹಾಗಾದರೆ ಅತಿಥಿ ಒಡೆದ ಪ್ರತಿಯೊಂದಕ್ಕೂ ಹಣ ಕೊಡಬೇಕೇ? ಇಲ್ಲ. ನಮ್ಮ ಫುಕಹಾಗಳು ಇದನ್ನು ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದಾರೆಂದರೆ, ಓದುವಾಗ ಅವರೂ ಹೆಂಗಸರ ಜೊತೆ ಅಡುಗೆಮನೆಯಲ್ಲಿ ಕುಳಿತಿದ್ದರೇನೋ ಅನಿಸುತ್ತದೆ. ಕರಾವಳಿಯ ಬ್ಯಾರಿ, ನವಾಯತ ಮನೆಗಳವರು ಸಾಮಾನ್ಯವಾಗಿ ಶಾಫಿಈಗಳು. ಶಾಫಿಈ ಗ್ರಂಥಗಳ ವಲೀಮಾದ ಅಧ್ಯಾಯದಲ್ಲಿ, ಅತಿಥಿಯ ಮುಂದೆ ಇಟ್ಟ ಆಹಾರ, ಅದರ ಪಾತ್ರೆ, ಅವನು ಕೂರುವ ಚಾಪೆ ಇವುಗಳ ನಷ್ಟಕ್ಕೆ ಅತಿಥಿ ಹೊಣೆಯಲ್ಲ ಎಂದಿದೆ. ಆಹಾರಕ್ಕೆ ಬಾಯಿ ಹಾಕಲು ಬಂದ ಬೆಕ್ಕನ್ನು ಓಡಿಸುವ ಹೊಣೆಯೂ ಅವನದಲ್ಲವಂತೆ! ಆದರೆ ಅನುಮತಿಯಿಲ್ಲದೆ ತಾನಾಗಿ ಎತ್ತಿಕೊಂಡ ಪಾತ್ರೆಗೆ ಅವನೇ ಹೊಣೆ. ಶೋಕೇಸಿನ ಬಾಗಿಲು ತಾವೇ ತೆರೆದು, "ಇದೆಲ್ಲಿಯದು, ಚೆನ್ನಾಗಿದೆ" ಎಂದು ಹೂದಾನಿ ಎತ್ತಿ ನೋಡುವ ಅಭ್ಯಾಸ ಇರುವವರು ಇದನ್ನು ಗಮನಿಸಬೇಕು.

ಘಟ್ಟದ ಮೇಲಿನವರು ಬಹುಪಾಲು ಹನಫೀಗಳು. 1869ರಿಂದ 1876ರವರೆಗೆ ಉಸ್ಮಾನೀ ಆಡಳಿತದಲ್ಲಿ ಹನಫೀ ಫಿಕ್ಹನ್ನು ಕಲಮುಗಳಾಗಿ ಬರೆದು ಸಿದ್ಧಪಡಿಸಿದ 'ಮಜಲ್ಲ' ಎಂಬ ಕಾನೂನು ಸಂಹಿತೆಯಿದೆ. ಅದರ 771ನೇ ಕಲಮಿನಲ್ಲಿ ನಮ್ಮ ಸಹೋದರಿಯ ಕಥೆಯೇ ಇದೆಯೋ ಎಂಬಂತಿದೆ. ಪಾನಕ ಮಾರುವವನ ಲೋಟ ಕುಡಿಯುವವನ ಕೈಯಿಂದ ಜಾರಿ ಒಡೆದರೆ ಅವನು ಹೊಣೆಯಲ್ಲ, ಏಕೆಂದರೆ ಅದು ಅವನ ಕೈಯಲ್ಲಿ ಅಮಾನತ್ತಾಗಿತ್ತು. ಅಡ್ಡಾದಿಡ್ಡಿಯಾಗಿ ಬಳಸಿ ಒಡೆದರೆ ಮಾತ್ರ ಹೊಣೆ. ಹಾಗೆಯೇ ಅಂಗಡಿಯಲ್ಲಿ ಮಾಲೀಕನ ಅನುಮತಿಯಿಂದ ನೋಡಲೆಂದು ಎತ್ತಿದ ಗಾಜಿನ ಬಟ್ಟಲು ಕೈತಪ್ಪಿ ಬೇರೆ ಬಟ್ಟಲುಗಳ ಮೇಲೆ ಬಿದ್ದು ಅವೂ ಒಡೆದರೆ, ಎತ್ತಿದ ಬಟ್ಟಲಿಗೆ ಹೊಣೆಯಿಲ್ಲ, ಕೆಳಗೆ ಒಡೆದ ಬಟ್ಟಲುಗಳಿಗೆ ಹೊಣೆಯಿದೆ.

ಈಗ ಶರಬತ್ತಿನ ಲೋಟಕ್ಕೆ ಬನ್ನಿ. ಲೋಟವನ್ನು ಗೆಳತಿಯೇ ಕೈಗೆ ಕೊಟ್ಟದ್ದು. ಅದರ ನಷ್ಟ ಆತಿಥೇಯರದು. ಲ್ಯಾಪ್‌ಟಾಪನ್ನು ಯಾರೂ ಇವರ ಕೈಗೆ ಕೊಟ್ಟಿರಲಿಲ್ಲ. ಅದು ಹಾಳಾದದ್ದು ಇವರ ಕೈಯಿಂದ ಜಾರಿದ ಲೋಟದಿಂದ. ಅದರ ಹೊಣೆ ಇವರದು. "ಶರಬತ್ತು ಕೊಡುವ ಜಾಗದಲ್ಲಿ ಲ್ಯಾಪ್‌ಟಾಪ್ ತೆರೆದಿಡುತ್ತಾರಾ?" ಎಂದು ಸಹೋದರಿ ಸಣ್ಣ ದನಿಯಲ್ಲಿ ಕೇಳಿದರು. ಇಡಬಾರದಿತ್ತು, ಸರಿ. ಆದರೆ ತಮ್ಮ ಮನೆಯಲ್ಲಿ ತಮ್ಮ ಸಾಮಾನು ಎಲ್ಲಿಡಬೇಕೆಂಬುದು ಮನೆಯವರ ಇಷ್ಟ. ಅದರಿಂದ ಇವರ ಹೊಣೆ ಇಳಿಯುವುದಿಲ್ಲ.

ಇನ್ನು "ಪರವಾಗಿಲ್ಲ" ಎಂಬ ಮಾತು. ಇದೇ ಈ ಪ್ರಶ್ನೆಯ ಗಂಟು. ಹಕ್ಕಿರುವವರು ಮನಸಾರೆ ಬಿಟ್ಟುಕೊಟ್ಟರೆ ಆ ಸಾಲ ಅಲ್ಲಿಗೇ ಮುಗಿಯಿತು. ಬಿದ್ದುಹೋದ ಹಕ್ಕು ಮತ್ತೆ ಎದ್ದು ಬರುವುದಿಲ್ಲ ಎಂಬುದು ಫಿಕ್ಹ್‌ನ ನಿಯಮ. ನಾಳೆ ಮನಸ್ಸು ಬದಲಾಯಿತೆಂದು ಪುನಃ ಕೇಳುವಂತಿಲ್ಲ. ಆದರೆ ಒಬ್ಬರ ಸೊತ್ತು ಅವರ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹಲಾಲ್ ಆಗುವುದಿಲ್ಲ ಎಂದೂ ಪ್ರವಾದಿ(ಸ) ಕಲಿಸಿದ್ದಾರೆ. ಈದ್‌ನ ದಿನ, ಮನೆ ತುಂಬ ಜನರಿರುವಾಗ, ಗೆಳತಿಯ ಮುಖ ಬಿಳಿಚಿಕೊಂಡಿರುವಾಗ ಯಾವ ಹೆಣ್ಣಾದರೂ "ಪರವಾಗಿಲ್ಲ" ಎನ್ನದೆ ಬೇರೆ ಏನೆನ್ನಲು ಸಾಧ್ಯ? ಅದು ನಾಲಿಗೆಯ ಮರ್ಯಾದೆ. ಅದು ಹೃದಯದ ಒಪ್ಪಿಗೆಯೂ ಹೌದೇ ಎಂದು ತಿಳಿಯಲು ಎರಡು ದಿನ ಬಿಟ್ಟು ಪುನಃ ಕೇಳಬೇಕು. "ರಿಪೇರಿಗೆ ಕೊಟ್ಟೆಯಾ? ಎಷ್ಟು ಹೇಳಿದರು? ನಾನು ಕೊಡುತ್ತೇನೆ." ಈ ಮೂರು ಮಾತು ಸಾಕಿತ್ತು. ಗೆಳತಿಗೆ ನೋವಾದದ್ದು 14,000ಕ್ಕಿಂತ ಹೆಚ್ಚಾಗಿ ಈ ಮೂರು ಮಾತು ಬಾರದ್ದಕ್ಕೆ ಎಂದು ನನ್ನ ಅಂದಾಜು.

ಮಾತಿನ ನಡುವೆ ನಾನು ಇನ್ನೊಂದು ವಿಷಯ ವಿಚಾರಿಸಿದೆ. "ಲ್ಯಾಪ್‌ಟಾಪ್ ಯಾರದು?" ಮಗಳದಂತೆ. ಪಿಯುಸಿ ಪಾಸಾದಾಗ ದುಬೈಯಲ್ಲಿರುವ ಮಾವ ಅವಳಿಗೆಂದೇ ಕೊಟ್ಟದ್ದಂತೆ. ಅಂದರೆ ಅದು ತಾಯಿಯ ಸೊತ್ತೇ ಅಲ್ಲ! ತಾಯಿ ಹೃದಯದ ತಳದಿಂದ "ಪರವಾಗಿಲ್ಲ" ಎಂದಿದ್ದರೂ ಅದು ಊರ್ಜಿತವಲ್ಲ. ತನ್ನದಲ್ಲದ್ದನ್ನು ಬಿಟ್ಟುಕೊಡಲು ಯಾರಿಗೂ ಹಕ್ಕಿಲ್ಲ. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲ. ಮಗಳ ವಸ್ತುವನ್ನು ತಾಯಿ, ಸೊಸೆಯ ತವರಿನ ಸಾಮಾನನ್ನು ಅತ್ತೆ, ಹೆಂಡತಿಯ ಒಡವೆಯನ್ನು ಗಂಡ ಧಾರಾಳವಾಗಿ ಬಿಟ್ಟುಕೊಡುತ್ತಾರೆ. ಹಾಗೆಯೇ ಗಂಡನ ದುಡ್ಡಿನ ವಸ್ತುವಿಗೆ ಹೆಂಡತಿ "ಬಿಡಿ" ಎನ್ನುವ ಮೊದಲು ಗಂಡನನ್ನು ಕೇಳಬೇಕು.

ಸಹೋದರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟು ಹಣ ಒಟ್ಟಿಗೆ ಎಲ್ಲಿಂದ ತರಲಿ?" ಎಂದರು. ಅವರ ಮನೆಯ ಪರಿಸ್ಥಿತಿ ನನಗೆ ಗೊತ್ತಿತ್ತು. ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದು ಅಲ್‌ಬಕರ ಅಧ್ಯಾಯದ 280ನೇ ಸೂಕ್ತದಲ್ಲಿ ಅಲ್ಲಾಹನು ಸಾಲ ಕೊಟ್ಟವರಿಗೆ ಹೇಳಿದ್ದಾನೆ. ಅಲ್ಲದೆ ನಷ್ಟ ತುಂಬಲು ನೋಟೇ ಎಣಿಸಬೇಕೆಂದಿಲ್ಲ. ಪ್ರವಾದಿ ಸುಲೈಮಾನ್(ಅ)ರ ತೀರ್ಪು ಅಲ್‌ಅಂಬಿಯಾ ಅಧ್ಯಾಯದಲ್ಲಿ ಪ್ರಸ್ತಾಪವಾಗಿದೆ. ರಾತ್ರಿ ಆಡುಕುರಿಗಳು ಒಬ್ಬನ ಹೊಲಕ್ಕೆ ನುಗ್ಗಿ ಮೇಯ್ದಿದ್ದವು. ವ್ಯಾಖ್ಯಾನಕಾರರು ವಿವರಿಸುವ ಪ್ರಕಾರ, ಕುರಿಯವನು ಹೊಲವನ್ನು ಮೊದಲಿನಂತೆ ಮಾಡಿಕೊಡಲಿ, ಅಲ್ಲಿಯವರೆಗೆ ಹೊಲದವನು ಕುರಿಗಳ ಹಾಲು, ಉಣ್ಣೆಯ ಪ್ರಯೋಜನ ಪಡೆಯಲಿ ಎಂದು ಸುಲೈಮಾನ್(ಅ) ತೀರ್ಮಾನಿಸಿದರು. "ನಿಮ್ಮ ತಮ್ಮನ ಬಳಿ ಲ್ಯಾಪ್‌ಟಾಪ್ ಇದೆಯಲ್ಲ, ಪರೀಕ್ಷೆ ಮುಗಿಯುವವರೆಗೆ ಅದನ್ನು ಹುಡುಗಿಗೆ ಕೊಡಬಹುದಲ್ಲ?" ಎಂದೆ. ಅವರಿಗೆ ಅದು ಹೊಳೆದೇ ಇರಲಿಲ್ಲ.

ಗೆಳತಿಯ ಕಡೆಯ ತಪ್ಪೂ ಸಣ್ಣದಲ್ಲ. ಬಾಯಿಯಲ್ಲಿ ಕ್ಷಮಿಸಿ ಮದುವೆ ಮನೆಯಲ್ಲಿ ಹೇಳಿಕೊಂಡು ತಿರುಗಿದರೆ ಅದು ಯಾವ ಕ್ಷಮೆ? ಕೊಟ್ಟ ದಾನವನ್ನು ಎತ್ತಿ ಆಡಿ, ನೋಯಿಸಿ ವ್ಯರ್ಥಗೊಳಿಸಬೇಡಿ ಎಂದು ಅದೇ ಅಲ್‌ಬಕರ ಅಧ್ಯಾಯದ 264ನೇ ಸೂಕ್ತ ಎಚ್ಚರಿಸುತ್ತದೆ. ಕೊಡಲು ಮನಸ್ಸಿಲ್ಲದಿದ್ದರೆ "ನೋಡು, ಇಷ್ಟು ಖರ್ಚಾಗಿದೆ, ಅರ್ಧವಾದರೂ ಕೊಡು" ಎಂದು ನೇರವಾಗಿ ಕೇಳುವುದು ಹಕ್ಕು, ಅದರಲ್ಲಿ ನಾಚಿಕೆಯಿಲ್ಲ. ನಾಲ್ಕು ಜನರ ಮುಂದೆ ಬೆನ್ನ ಹಿಂದೆ ಹೇಳುವುದು ಗೀಬತ್. ಹಕ್ಕು ಕೇಳಲು ನಾಚುವ ನಮಗೆ ಗೀಬತ್ ಆಡಲು ನಾಚಿಕೆಯಾಗುವುದಿಲ್ಲ, ವಿಚಿತ್ರ.

ಮಕ್ಕಳ ವಿಷಯ ಹೇಳದಿದ್ದರೆ ಈ ಬರಹ ಅರ್ಧವೇ ಆಗುತ್ತದೆ, ಏಕೆಂದರೆ ಅತಿಥಿಗಳಿಂದ ಒಡೆಯುವುದರಲ್ಲಿ ಮುಕ್ಕಾಲು ಪಾಲು ಅತಿಥಿಗಳ ಮಕ್ಕಳ ಕೈಯಿಂದ. ಮಗು ಗೋಡೆಯ ಮೇಲೆ ಸ್ಕೆಚ್ ಪೆನ್ನಿನಿಂದ ಗೀಚುತ್ತದೆ, ಟಿವಿಯ ಮೇಲೆ ಚೆಂಡು ಎಸೆಯುತ್ತದೆ. ತಾಯಿ ಕೂತಲ್ಲಿಂದಲೇ, "ಮಗುವಲ್ಲವಾ, ಅದಕ್ಕೇನು ಗೊತ್ತು" ಎನ್ನುತ್ತಾರೆ. ಈ ಮಾತು ಆತಿಥೇಯರ ಬಾಯಿಯಲ್ಲಿ ಬಂದರೆ ಚೆಂದ. ಮಗುವಿಗೆ ಪಾಪವಿಲ್ಲ, ನಿಜ. ಆದರೆ ಮಗು ಮಾಡಿದ ನಷ್ಟ ಮಗುವಿನ ಸ್ವಂತ ಸೊತ್ತಿನಿಂದಲೇ ಹೋಗಬೇಕು, ಸೊತ್ತಿಲ್ಲದಿದ್ದರೆ ಅದಕ್ಕೆ ಅನುಕೂಲವಾಗುವವರೆಗೆ ಕಾಯಬೇಕು, ಪೋಷಕರ ಕೈಯಿಂದ ವಸೂಲು ಮಾಡುವಂತಿಲ್ಲ ಎಂದು ಮಜಲ್ಲದಲ್ಲಿದೆ. ಇದನ್ನು ಓದಿ, "ಹಾಗಾದರೆ ನಾವು ಕೊಡಬೇಕಿಲ್ಲ" ಎಂದು ಖುಷಿಪಡುವ ಮುಂಚೆ ಯೋಚಿಸಿ. ಮೂರು ವರ್ಷದ ಕಂದಮ್ಮನ ತಲೆಯ ಮೇಲೆ ಟಿವಿಯ ಸಾಲ ಇಟ್ಟು ಬೆಳೆಸಲು ಯಾವ ತಾಯಿಯ ಮನಸ್ಸು ಒಪ್ಪುತ್ತದೆ? ಅಪ್ಪ ಕೊಟ್ಟುಬಿಡುವುದೇ ಸರಿ. ಅದಕ್ಕಿಂತ ಮೊದಲು ಎದ್ದು ಹೋಗಿ ಮಗುವಿನ ಕೈ ಹಿಡಿಯುವುದು ಸರಿ.

ಮನೆಗೆಲಸಕ್ಕೆ ಬರುವಾಕೆ ಅತಿಥಿಯಲ್ಲ, ಆದರೂ ಒಂದು ಮಾತು. ತೊಳೆಯುವಾಗ ಪಿಂಗಾಣಿ ಒಡೆದರೆ ತಿಂಗಳ ಕೊನೆಗೆ ಸಂಬಳದಲ್ಲಿ ಮುರಿದುಕೊಳ್ಳುವ ಮನೆಗಳಿವೆ. ಅದೇ ಪಿಂಗಾಣಿ ನಾದಿನಿಯ ಕೈಯಿಂದ ಒಡೆದರೆ ನಗುತ್ತೇವೆ. ಕೆಲಸದವರ ಕೈಯಲ್ಲಿರುವ ಸಾಮಾನು ಅಮಾನತ್ತು. ಉಡಾಫೆಯಿಂದ ಒಡೆದದ್ದಲ್ಲದಿದ್ದರೆ ಆಕೆ ಹೊಣೆಯಲ್ಲ. ಹತ್ತು ವರ್ಷ ಸೇವೆ ಮಾಡಿದ ಹಝ್ರತ್ ಅನಸ್(ರ)ರಿಗೆ ಪ್ರವಾದಿ(ಸ) ಒಮ್ಮೆಯೂ "ಛೆ" ಎಂದಿರಲಿಲ್ಲ. ಒಡೆದ ಬಟ್ಟಲಿನ ಹದೀಸನ್ನು ನಮಗೆ ತಲುಪಿಸಿದ್ದೂ ಅದೇ ಅನಸ್(ರ).

ಎರವಲು ತಂದ ವಸ್ತುವಿನ ಲೆಕ್ಕ ಇದಕ್ಕಿಂತ ಬೇರೆ. ಮದುವೆಗೆಂದು ಗೆಳತಿಯ ಸರ ಕೇಳಿ ತಂದು ಕಳೆದುಹೋದರೆ, ಶಾಫಿಈ ಅಭಿಪ್ರಾಯದಲ್ಲಿ ತಂದವರೇ ಹೊಣೆ. ಹನಫೀಗಳಲ್ಲಿ ಅಜಾಗ್ರತೆ ಇದ್ದರೆ ಮಾತ್ರ ಹೊಣೆ. ಹುನೈನ್‌ನ ಸಂದರ್ಭದಲ್ಲಿ ಪ್ರವಾದಿ(ಸ) ಆಗ ಇನ್ನೂ ಮುಸ್ಲಿಮರಾಗಿರದಿದ್ದ ಸಫ್ವಾನ್ ಬಿನ್ ಉಮಯ್ಯರಿಂದ ಯುದ್ಧ ಕವಚಗಳನ್ನು ಎರವಲು ಪಡೆದಿದ್ದರು, ಹೊಣೆ ತಮ್ಮದೆಂದು ಮಾತು ಕೊಟ್ಟೇ ಪಡೆದಿದ್ದರು. ಕೆಲವು ಕಳೆದುಹೋದಾಗ ಪರಿಹಾರ ಕೊಡಲು ಮುಂದಾದರು. ಸಫ್ವಾನ್ ಬೇಡವೆಂದರು. ಅಂದು ಇಲ್ಲದ್ದು ಇಂದು ತನ್ನ ಹೃದಯದಲ್ಲಿದೆ ಎಂಬುದು ಅವರು ಕೊಟ್ಟ ಕಾರಣ.

ನಮ್ಮ ಸಹೋದರಿ ಮೊದಲ ಕಂತು 4,000 ರೂಪಾಯಿ ಮತ್ತು ತಮ್ಮನ ಲ್ಯಾಪ್‌ಟಾಪ್ ಹಿಡಿದುಕೊಂಡು ಗೆಳತಿಯ ಮನೆಗೆ ಹೋದರು. ಬಾಗಿಲು ತೆರೆದ ಗೆಳತಿ ಮುಖ ಗಂಟಿಕ್ಕಿಯೇ ಇದ್ದರಂತೆ. ಹಣವನ್ನು ಹುಡುಗಿಯ ಕೈಗೇ ಕೊಟ್ಟರು. ಅವಳು ಒಮ್ಮೆ ತಾಯಿಯ ಮುಖ ನೋಡಿ, "ಅಷ್ಟು ಸಾಕು ಆಂಟಿ, ಉಳಿದದ್ದು ನಾನು ಬಿಟ್ಟೆ" ಎಂದಳಂತೆ. ಇವರು ಒಪ್ಪಲಿಲ್ಲ. ಅವಳ ಪರೀಕ್ಷೆ ಮುಗಿಯಲಿ, ಆಮೇಲೆ ಮತ್ತೊಮ್ಮೆ ಕೇಳುತ್ತೇನೆ, ಆಗಲೂ ಹಾಗೆಯೇ ಹೇಳಿದರೆ ಒಪ್ಪುತ್ತೇನೆ ಎಂದು ಹೇಳಿ ಬಂದಿದ್ದಾರೆ. ಗೆಳತಿ ಚಹಾ ಕುಡಿಯದೆ ಹೋಗಲು ಬಿಡಲಿಲ್ಲವಂತೆ. ಮೊದಲಿನಷ್ಟು ಮಾತಿಲ್ಲ, ಆದರೆ ಈಗ ಫೋನು ಎತ್ತುತ್ತಾರೆ. ಒಡೆದ ಲೋಟದ ವಿಷಯವನ್ನು ಇಬ್ಬರೂ ಎತ್ತಲಿಲ್ಲವಂತೆ.